ಅಭಯದಾನವನ್ನು ಮರೆಯಬಾರದು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರನ್ನು ನಮ್ಮ ಸಮಾಜ ಇಂದಿಗೂ ಉದಾರವಾಗಿ ನಡೆಸುತ್ತಿದೆ. ನಾಲ್ಕನೆಯದನ್ನು ಮಾತ್ರ ಪಶುಪಕ್ಷಿಗಳಿಗೆ ಮೀಸಲಿಟ್ಟಂತಿದೆ. ಸರ್ಕಾರವೊಂದು ಜನರ ಪೌರತ್ವವನ್ನೇ ಕಸಿದುಕೊಂಡಾಗ, ‘ಅದು ರಾಜಕಾರಣ, ಧರ್ಮಕ್ಕೆ ಸಂಬಂಧವಿಲ್ಲ’ ಎಂದು ಸುಮ್ಮನಾಗುವ ಶ್ರಾವಕರು ನಮ್ಮಲ್ಲಿದ್ದಾರೆ. ಈ ಮೌನ ಧರ್ಮಸಮ್ಮತವಲ್ಲ.

ಶ್ರೀಲಂಕೆಯ ನಿದರ್ಶನ ನೋಡೋಣ. ಬ್ರಿಟಿಷರ ಕಾಲದಲ್ಲಿ ಅಲ್ಲಿಗೆ ಹೋದ ತಮಿಳು ಕೂಲಿಕಾರರು ಬೆಟ್ಟಗಳಲ್ಲಿ ಚಹಾ ತೋಟಗಳನ್ನು ಬೆಳೆಸಿದರು. 1948ರ ಪೌರತ್ವ ಕಾಯಿದೆ ಅವರಿಗೆ, ಇಲ್ಲಿ ಹುಟ್ಟಿದರೆ ಸಾಲದು, ನಿಮ್ಮ ತಂದೆಯೋ, ಅಜ್ಜ ಮುತ್ತಜ್ಜರೋ ಇಲ್ಲಿಯೇ ಹುಟ್ಟಿದ್ದನ್ನು ರುಜುವಾತುಪಡಿಸಿ ಎಂದಿತು. ಲೈನ್‌ಮನೆಗಳಲ್ಲಿ ಹುಟ್ಟಿದವರಿಗೆ ಜನನಪತ್ರವೆಲ್ಲಿಯದು? ಲಕ್ಷಾಂತರ ಜನ ಹುಟ್ಟಿದ ನೆಲದಲ್ಲಿಯೇ ದೇಶವಿಲ್ಲದವರಾದರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದ 9,75,000 ಜನರನ್ನು ಎಣಿಸಿ, 5,25,000 ಭಾರತಕ್ಕೆ, 3,00,000 ಸಿಂಹಳಕ್ಕೆ ಎಂದು ಹಂಚಿ, ಉಳಿದವರನ್ನು ಮುಂದಿನ ಮಾತುಕತೆಗೆ ಬಿಟ್ಟಿತು. ಅಡಕೆ ಮೂಟೆ ಹಂಚುವಾಗಲೂ ಒಡೆಯನನ್ನು ಕೇಳುತ್ತಾರೆ; ಇಲ್ಲಿ ಹಂಚಿಹೋದ ಮನುಷ್ಯರನ್ನೇ ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಹಲವರು ನಮ್ಮ ಸುಳ್ಯ, ಪುತ್ತೂರು ಸೀಮೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದರು. ಅಲ್ಲಿಯೇ ಉಳಿದವರಿಗೆ ಪೌರತ್ವ ಕೊಡುವ ಕಾಯಿದೆ ಬಂದದ್ದು 2003ರಲ್ಲಿ, 55 ವರ್ಷಗಳ ಬಳಿಕ.

ದೇಶ ತನ್ನನ್ನು ಕಾಪಾಡಿಕೊಳ್ಳಬೇಡವೇ ಎಂದು ಕೇಳಬಹುದು. ಆಕ್ರಮಣವನ್ನು ತಡೆಯುವ ವಿರೋಧಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ನಮ್ಮ ಆಚಾರ್ಯರೂ ಒಪ್ಪಿದ್ದಾರೆ. ಆದರೆ ಚಹಾ ಎಲೆ ಕೀಳುತ್ತಿದ್ದವಳು ಯಾರ ಮೇಲೆ ಆಕ್ರಮಣ ಮಾಡಿದ್ದಳು? ನಿರಪರಾಧಿಗೆ ಯೋಚಿಸಿ, ಬರೆದು, ಮೊಹರು ಹಾಕಿ ಮಾಡುವ ಕೇಡು ಸಂಕಲ್ಪಿ ಹಿಂಸೆಯೇ. ಅದು ಶ್ರಾವಕನಿಗೆ ಸರ್ವಥಾ ವರ್ಜ್ಯ.

‘ನಮಗೇನು?’ ಎನ್ನುವವರು ಉಗಾಂಡವನ್ನು ನೆನೆಯಲಿ. 1972ರಲ್ಲಿ ಇದಿ ಅಮೀನ್ ಏಷ್ಯದವರಿಗೆ 90 ದಿನಗಳ ಗಡುವು ವಿಧಿಸಿದಾಗ, ಪೌರತ್ವ ಪಡೆದಿದ್ದ ಅನೇಕರ ಕಾಗದಗಳನ್ನೂ ತಿರಸ್ಕರಿಸಲಾಯಿತು. ಹೊರಬಿದ್ದವರಲ್ಲಿ ಗುಜರಾತಿ ಜೈನ ಕುಟುಂಬಗಳೂ ಇದ್ದವು.

ನಮ್ಮ ನಾಡಿನ ಮೇಲ್ಪಂಕ್ತಿ ಬೇರೆ. 1368ರಲ್ಲಿ ಭವ್ಯರು ಮೊರೆಯಿಟ್ಟಾಗ ಬುಕ್ಕರಾಯನು ಅವರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ರಕ್ಷಣೆಯ ಹೊಣೆ ಹೊರಿಸಿದನೆಂದು ಶ್ರವಣಬೆಳಗೊಳದ ಶಾಸನ ಸಾರುತ್ತದೆ. ಉಬ್ರಾಣಿಯ ನಮಗೆ ಚಿರಪರಿಚಿತವಾದ ಚನ್ನಗಿರಿಯ ಹೆಸರಿನೊಡನೆ ಬೆರೆತ ಕೆಳದಿಯ ಚೆನ್ನಮ್ಮಾಜಿ, ಔರಂಗಜೇಬನಿಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು. ಅಭಯವನ್ನು ಪಡೆದ ಸಮಾಜಕ್ಕೆ ಅದನ್ನು ನೀಡುವ ಋಣವಿದೆ.

ಆದ್ದರಿಂದ ಬಸದಿಗಳ ಟ್ರಸ್ಟುಗಳಲ್ಲಿ ಒಂದು ವಿನಂತಿ. ಜನನಪತ್ರ, ವಾಸದ ದಾಖಲೆಗಳಿಲ್ಲದ ಬಡವರಿಗೆ, ಜಾತಿ ಮತ ಕೇಳದೆ, ಅರ್ಜಿ ಬರೆದುಕೊಡಲು ವಾರಕ್ಕೊಂದು ದಿನ ತಿಳಿದವರೊಬ್ಬರನ್ನು ಕೂರಿಸಿರಿ. ತಗಲುವ ವೆಚ್ಚವನ್ನು ಲೆಕ್ಕದ ಪುಸ್ತಕದಲ್ಲಿ ಅಭಯದಾನವೆಂದೇ ಬರೆಯಿರಿ.