ಹೆಸರಿನ ಕಳವು

ಕಳಪೆ ಸರಕಿನ ಮೇಲೆ ಹೆಸರಾಂತ ಅಂಗಡಿಯ ಮುದ್ರೆಯನ್ನು ಒತ್ತಿ ಸಂತೆಯಲ್ಲಿ ಮಾರುವ ಜನ ಹಿಂದೆಯೂ ಇದ್ದರು. ಕೊಳ್ಳುವವನು ಮುದ್ರೆಯನ್ನು ನಂಬುತ್ತಾನೆ. ಮನೆಗೆ ಹೋಗಿ ಗಂಟು ಬಿಚ್ಚಿದಾಗಲೇ ಸರಕಿನ ಗುಣ ತಿಳಿಯುವುದು. ಇಂದು ಮೊಬೈಲಿನ ಪರದೆಯ ಮೇಲೆ ನಡೆಯುತ್ತಿರುವುದೂ ಇದೇ ವ್ಯಾಪಾರ. ಹೊರಗೆ ಖ್ಯಾತ ನಟನ ಹೆಸರು, ಹಾರ ಹಾಕಿದ ಭಾವಚಿತ್ರ, ‘ಇನ್ನಿಲ್ಲವೇ?’ ಎಂಬ ಪ್ರಶ್ನೆ. ಒಳಗೆ ನೋಡಿದರೆ ಆತನಿಗೆ ಸಂಬಂಧಿಸಿದ್ದು ಏನೂ ಇಲ್ಲ.

ಇದರ ಮರ್ಮವನ್ನರಿಯುವುದು ಕಷ್ಟವೇನಲ್ಲ. ಯೂಟ್ಯೂಬಿನಲ್ಲಿ ವಿಡಿಯೊದೊಡನೆ ಬರುವ ಜಾಹೀರಾತಿನ ಹಣದಲ್ಲಿ ಒಂದು ಪಾಲು, ಅರ್ಹತೆ ಪಡೆದ ವಿಡಿಯೊ ತಯಾರಕರಿಗೆ ಸಲ್ಲುತ್ತದೆ. ನೋಟಕರು ಹೆಚ್ಚಿದಂತೆ ಆ ಪಾಲೂ ಹೆಚ್ಚುತ್ತದೆ. 2012ರಿಂದ ಆ ಸಂಸ್ಥೆಯು, ಎಷ್ಟು ಸಲ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡತೊಡಗಿತು. ‘ಕೊನೆಯವರೆಗೂ ನೋಡಿ’ ಎಂದು ನೋಟಕರನ್ನು ಕಾಯಿಸುವುದರ ಲಾಭ ಇಲ್ಲಿದೆ.

ಈ ಆಸೆ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಒಂದು ನಿದರ್ಶನವುಂಟು. 2023ರ ನವೆಂಬರ್‌ನಲ್ಲಿ, ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ದೇಹಕ್ಕೆ ಕೃತಕ ಬುದ್ಧಿಮತ್ತೆಯಿಂದ ಜೋಡಿಸಿದ ಡೀಪ್‌ಫೇಕ್ ವಿಡಿಯೊ ದೇಶದಲ್ಲೆಲ್ಲ ಹರಿದಾಡಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರಪ್ರದೇಶದ ತರುಣನೊಬ್ಬನನ್ನು ಬಂಧಿಸಿದರು. ಅವರು ತಿಳಿಸಿದಂತೆ, ಆತನು ಇಂಜಿನಿಯರಿಂಗ್ ಓದಿದವನು. ಅದೇ ನಟಿಯ ಅಭಿಮಾನಿಗಳ ಪುಟವನ್ನು ನಡೆಸುತ್ತಿದ್ದವನು. ಅನುಯಾಯಿಗಳನ್ನು ಹೆಚ್ಚಿಸಿಕೊಳ್ಳುವುದು ಆತನ ಉದ್ದೇಶವಾಗಿತ್ತು. ಎರಡು ವಾರಗಳಲ್ಲಿ ಆ ಸಂಖ್ಯೆ ಸುಮಾರು 90 ಸಾವಿರದಿಂದ 1 ಲಕ್ಷ 8 ಸಾವಿರಕ್ಕೆ ಏರಿತಂತೆ. ಒಬ್ಬಾಕೆಯ ಮುಖ, ಇನ್ನೊಬ್ಬಾಕೆಯ ದೇಹ, ಇಬ್ಬರನ್ನೂ ಕೇಳಿದವರಿಲ್ಲ. ಅಭಿಮಾನವೆಂಬ ಮಾತಿಗೆ ಇದಕ್ಕಿಂತ ದೊಡ್ಡ ಅಪಮಾನವುಂಟೆ?

ಕಾನೂನು ಕಣ್ಣು ಮುಚ್ಚಿ ಕುಳಿತಿಲ್ಲ. ಅಮಿತಾಭ್ ಬಚ್ಚನ್ ಅವರ ಹೆಸರು, ಚಿತ್ರ ಹಾಗೂ ಧ್ವನಿಯನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿ ಹೈಕೋರ್ಟು 2022ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಶೀರ್ಷಿಕೆಯಲ್ಲಿ ಒಂದು ಹೇಳಿ ಒಳಗೆ ಇನ್ನೊಂದನ್ನು ತೋರಿಸುವ ವಿಡಿಯೊಗಳ ಮೇಲೆ ಭಾರತದಲ್ಲಿ ಕ್ರಮ ಜರುಗಿಸುವುದಾಗಿ ಯೂಟ್ಯೂಬ್ ಕೂಡ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ನ್ಯಾಯಾಲಯದ ಬಾಗಿಲು ತಟ್ಟಬಲ್ಲ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಬಂಧುಗಳೇ, ಕಳವಿನ ಮಾಲನ್ನು ಕೊಳ್ಳುವವರಿಲ್ಲದಿದ್ದರೆ ಕಳ್ಳನ ಕಸುಬು ನಡೆಯದು. ಬದುಕಿರುವವರ ಸಾವಿನ ಸುದ್ದಿ ಕಂಡರೆ ಮೊದಲು ಪತ್ರಿಕೆಯನ್ನು ನೋಡೋಣ. ಆ ಮನೆಯಲ್ಲಿಯೂ ವೃದ್ಧ ತಾಯಿಯೊಬ್ಬಳು ಇರಬಹುದೆಂಬುದನ್ನು ನೆನೆಯೋಣ. ದಿಟವೆಂದು ತಿಳಿಯುವವರೆಗೆ ಅದನ್ನು ಮತ್ತೊಬ್ಬರಿಗೆ ಕಳುಹಿಸದಿರೋಣ.

ನಮ್ಮ ಮನೆಗಳ ಮಕ್ಕಳೂ ಇಂದು ವಿಡಿಯೊ ಮಾಡುತ್ತಾರೆ, ಮಾಡಲಿ. ಗಾಯಕರ ಹಾಡನ್ನು ಕುರಿತು ಮಾತನಾಡುವಾಗ ಗಾಯಕರ ಹೆಸರನ್ನು ಹೇಳಲೇಬೇಕು, ಅದು ತಪ್ಪಲ್ಲ. ಹೊಸ್ತಿಲಲ್ಲಿ ಹೇಳಿದ ಹೆಸರು ಒಳಮನೆಯಲ್ಲಿಯೂ ಇರಬೇಕು, ಅಷ್ಟೆ. ಹೆಸರೆಂಬುದು ಒಬ್ಬರು ಜೀವಮಾನವಿಡೀ ದುಡಿದು ಗಳಿಸಿದ ಆಸ್ತಿ. ಕೇಳದೆ ಎತ್ತಿಕೊಂಡರೆ, ಹಣದ ಗಂಟಾದರೇನು, ಹೆಸರಾದರೇನು, ಕಳವು ಕಳವೇ ಎಂಬುದನ್ನು ಆ ಎಳೆಯರಿಗೆ ಈಗಲೇ ತಿಳಿಸೋಣ.