ಕಡಲತಡಿಯ ಕಸವೂ ಪರವೂರವರ ಮೇಲಣ ಅಪವಾದವೂ

ಪಣಂಬೂರು, ಮಲ್ಪೆ, ಗೋಕರ್ಣಗಳ ಕಡಲತಡಿಗಳು ಮಲಿನವಾಗಿರುವುದಕ್ಕೆ ಪರವೂರ ಪ್ರವಾಸಿಗಳೇ ಕಾರಣರೆಂದು ಕರಾವಳಿಯ ಸಭೆಗಳಲ್ಲಿ ಆಗಾಗ ಹೇಳುವುದುಂಟು. ಇದು ಬಹು ಹಿತವಾದ ಮಾತು. ಏಕೆಂದರೆ ಇದರಿಂದ ಸಭೆಯಲ್ಲಿ ಕುಳಿತವರಾರಿಗೂ ದೋಷವು ತಗಲುವುದಿಲ್ಲ. ಪ್ರವಾಸಿಗಳು ನಿರ್ದೋಷಿಗಳೆಂದು ಯಾರೂ ವಾದಿಸರು. ಮರಳಿನಲ್ಲಿ ಸೀಸೆಯೊಡೆದು ಹೋಗುವವನನ್ನು ದಂಡಿಸುವುದೇ ಯುಕ್ತ. ಆದರೆ ಆಷಾಢಮಾಸದಲ್ಲಿ ಆ ತಡಿಗಳನ್ನು ಕಂಡವರು ಈ ವಾದವನ್ನು ಹೇಗೆ ತಾನೆ ಒಪ್ಪಿಯಾರು?

ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಪ್ರವಾಸಿಗಳನ್ನು ಆಗ ನೀರಿಗಿಳಿಯಗೊಡುವುದಿಲ್ಲ. ಹೀಗೆ ಅಪವಾದಕ್ಕೆ ಗುರಿಯಾದವರು ದೂರವಿರುವಾಗಲೇ ಕಡಲು ಕಸವನ್ನು ರಾಶಿರಾಶಿಯಾಗಿ ಕಕ್ಕುತ್ತದೆ: ಹಾಲಿನ ತೊಟ್ಟೆ, ಔಷಧದ ಪಟ್ಟಿ, ಎಣ್ಣೆಯ ಡಬ್ಬಿ, ಮಕ್ಕಳ ಚಪ್ಪಲಿ, ಹರಿದ ಬಲೆ. ಬಲೆಯೊಂದನ್ನುಳಿದು ಮಿಕ್ಕುವು ಅಡಿಗೆಮನೆಯಿಂದಲೂ ಜಗಲಿಯಿಂದಲೂ ಹೊರಟವು. ವಿಹಾರಕ್ಕೆ ಬಂದವನು ಎಣ್ಣೆಯ ಡಬ್ಬಿಯನ್ನು ಹೊತ್ತು ತರುವನೆ? ನೇತ್ರಾವತಿಯು ಬಂಟವಾಳವನ್ನು ಹಾದು ಮಂಗಳೂರಿಗೆ ಬರುವಷ್ಟರಲ್ಲಿ ಪೇಟೆಗಳ ತೋಡುಗಳನ್ನು ಕೂಡಿಕೊಂಡಿರುತ್ತದೆ. ಬೇಸಗೆಯಿಡೀ ಒಣತೋಡಿನಲ್ಲಿ ಜನರು ಕೂಡಿಟ್ಟುದನ್ನು ಮೊದಲ ಮಳೆಯು ಕಡಲಿಗೆ ಒಪ್ಪಿಸುತ್ತದೆ.

ಇನ್ನು, ಸೇತುವೆಯ ಮೇಲೆ ವಾಹನವನ್ನು ನಿಲ್ಲಿಸಿ ದೇವರ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲಸಮೇತ ಹೊಳೆಗೆಸೆದು ಕೈಮುಗಿಯುವ ಆಸ್ತಿಕರುಂಟು. ಸಮುದ್ರವು ಸರ್ವವನ್ನೂ ಪಾವನಗೊಳಿಸುತ್ತದೆಂಬುದು ಅವರ ಸಮಾಧಾನ. ಯಾವ ಶಾಸ್ತ್ರದಲ್ಲಿ? ಮಲಮೂತ್ರಗಳನ್ನೂ ಉಗುಳನ್ನೂ ವಿಷವನ್ನೂ ಅಮೇಧ್ಯಲಿಪ್ತವಾದ ಯಾವುದನ್ನೂ ನೀರಿನಲ್ಲಿ ಬಿಡಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವೇ ನಿಷೇಧಿಸಿದೆ. ಹೂವು ಕೊಳೆತು ನೀರಾದೀತು. ಚೀಲವಾದರೋ ಬಿಸಿಲಿಗೂ ತೆರೆಗೂ ಸಿಕ್ಕಿ, 5 ಮಿಲಿಮೀಟರಿಗಿಂತಲೂ ಸಣ್ಣ ಕಣಗಳಾಗಿ ಒಡೆದು, ಮೀನಿನ ಹೊಟ್ಟೆಯನ್ನು ಸೇರುತ್ತದೆ. ಪಾವನವಾಗುವುದೆಂದರೆ ಇದೇ ಏನೋ!

2020ರಲ್ಲಿ ಹೊನ್ನಾವರದ ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ನೀಲಿ ಬಾವುಟದ ಮನ್ನಣೆ ದೊರೆಯಿತು. ಸಂತೋಷವೇ. ಆದರೆ ಬಾವುಟ ನೆಟ್ಟಷ್ಟು ಮರಳನ್ನು ಸಂಬಳದಾಳುಗಳಿಂದ ಗುಡಿಸಿಸುವುದು ಬೇರೆ, ಹೊಳೆಯ ಬಾಯಿಯನ್ನು ಕಾಯುವುದು ಬೇರೆ. ಕಾಯಿದೆಗಳಿಗೇನು ಕೊರತೆ? ರಾಜ್ಯವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರವು 2022ರ ಜುಲೈ 1ರಿಂದ ನಿಷೇಧಿಸಿತು. ಚೀಲವಿಲ್ಲದೆ ಪೇಟೆಗೆ ಹೋದ ಗೃಹಸ್ಥರು ಬರಿಗೈಯಲ್ಲಿ ಮರಳಿದುದನ್ನು ಕಂಡವರು ಮಾತ್ರ ವಿರಳ.

ವೈಶಾಖದಲ್ಲಿಯೇ ತೋಡುಗಳ ಕಸವನ್ನು ತೆಗೆಯಿಸಿ, ಅವು ಹೊಳೆಯನ್ನು ಕೂಡುವಲ್ಲಿ ಬಲೆಯನ್ನು ಕಟ್ಟಿಸಿರೆಂದು ಪುರಸಭೆಗಳನ್ನು ಪೀಡಿಸಬೇಕಾದ ಸಂಘಗಳು ಗಾಂಧೀಜಯಂತಿಯ ದಿನ ಪೊರಕೆ ಹಿಡಿದು ಛಾಯಾಚಿತ್ರ ತೆಗೆಯಿಸಿಕೊಳ್ಳುತ್ತವೆ. ಅಕ್ಟೋಬರಿನಲ್ಲಿ ಬಂದವರ ಪೊರಕೆಗೆ ಸಿಗುವುದು, ಮಳೆಗಾಲದ ಕಡಲು ಮರಳಿ ಒಯ್ಯದೆ ಉಳಿಸಿದಷ್ಟೇ.