ಒಪ್ಪಿ ಹೋದವಳಲ್ಲವೇ?

ಮೊನ್ನೆ ಮಂಡೆಕೋಲಿನ ನಮ್ಮ ಸಂಘದಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ದೂರದೂರಿನ ಒಂದು ಸಂಬಂಧದ ಮಾತು ಬಂತು. ‘ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ’ ಎಂದನಂತೆ ಬ್ರೋಕರ. ಹುಡುಗನ ಮನೆ ಕಂಡವರಿಲ್ಲ. ‘ಇದು ಕಳ್ಳಸಾಗಣೆಯೂ ಆಗಿರಬಹುದು’ ಎಂದೆ. ಒಬ್ಬ ಅಕ್ಕ ಕೇಳಿದರು: ‘ಹುಡುಗಿಯೇ ಒಪ್ಪಿ ಹೋದರೆ ಕೋರ್ಟು ಏನು ಮಾಡೀತು?’

ಅಕ್ಕತಂಗಿಯರೇ, ನಮ್ಮ ಬಾಯಿ ಕಟ್ಟಿರುವುದು ಈ ಪ್ರಶ್ನೆಯೇ. ದಂಡ ಸಂಹಿತೆಯ 370ನೇ ಕಲಂ ಹಿಂದೆ ಗುಲಾಮರ ಮಾರಾಟದ ಮಾತನ್ನಷ್ಟೇ ಆಡುತ್ತಿತ್ತು. 2013ರಲ್ಲಿ ಅದು ಬದಲಾಯಿತು. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿದೆ. ಕಾನೂನು ಕೇಳುವುದು ಮೂರೇ ಪ್ರಶ್ನೆ: ಯಾರು ಕರೆದೊಯ್ದರು? ಬೆದರಿಕೆ, ಮೋಸ, ಹಣದ ಆಮಿಷ, ಇವುಗಳಲ್ಲಿ ಯಾವುದನ್ನು ಬಳಸಿದರು? ಶೋಷಣೆ ಮಾಡಲೆಂದೇ ಒಯ್ದರೇ? ಈ ಮೂರೂ ಸಾಬೀತಾದರೆ, ಅವಳು ಒಪ್ಪಿದ್ದಳು ಎಂಬುದು ಲೆಕ್ಕಕ್ಕೇ ಇಲ್ಲ.

ಹಸಿವೂ ಒಂದು ಬಲಾತ್ಕಾರ ಎಂಬುದನ್ನು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಏಷ್ಯಾಡ್ ಕಾಮಗಾರಿಯ ಕೂಲಿಗಾರರ ಮೊಕದ್ದಮೆಯಲ್ಲಿ, ಬಡತನದಿಂದಾಗಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಹಾಗಿದ್ದರೆ ವರದಕ್ಷಿಣೆ ಹೊಂದಿಸಲಾಗದ ತಂದೆಯ ‘ಒಪ್ಪಿಗೆ’ ಎಂಥದ್ದು?

ಆದರೂ ಕಟಕಟೆಯಲ್ಲಿ ನಿಲ್ಲುವವಳು ಹೆಣ್ಣೇ. 2013ರಲ್ಲಿ ಉಡುಪಿಯಿಂದ ಗೋವಾಕ್ಕೆ ಒಯ್ಯಲಾಗುತ್ತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಪೊಲೀಸರು ಆರೋಪಿಯನ್ನಾಗಿ ಮಾಡಿದರು. ಅನೈತಿಕ ಸಾಗಾಟ ತಡೆ ಕಾಯಿದೆಯ 5ನೇ ಕಲಂ ಇರುವುದು ಒಯ್ಯುವವನನ್ನು ಶಿಕ್ಷಿಸಲು, ಬಲಿಯಾದವಳನ್ನಲ್ಲ ಎಂದು ನಮ್ಮ ಹೈಕೋರ್ಟು ಹೇಳಿ, ಅವಳ ಮೇಲಿನ ಮೊಕದ್ದಮೆ ರದ್ದುಮಾಡಿದ್ದು 2024ರಲ್ಲಿ. ಇಷ್ಟು ಸರಳ ಸತ್ಯಕ್ಕೆ ಹತ್ತು ವರ್ಷ ಬೇಕಾಯಿತೇ? ಆ ವರ್ಷಗಳನ್ನು ಅವಳಿಗೆ ಯಾರು ಹಿಂದಿರುಗಿಸುತ್ತಾರೆ?

ಹಾಗೆಂದು ದುಡಿಯಲು ಹೊರಟವರನ್ನೆಲ್ಲ ಮನೆಯಲ್ಲಿ ಕೂಡಿಹಾಕುವುದು ಪರಿಹಾರವಲ್ಲ. ಊರು ಬಿಡುವುದು ಅಪರಾಧವಲ್ಲ, ನಂಬಿಸಿ ಮಾರುವುದು ಅಪರಾಧ. ಕೋರ್ಟು ಕೇಳುವುದು ಸಾಕ್ಷಿ. ಆದ್ದರಿಂದ ಬ್ರೋಕರನ ಹೆಸರು, ವಿಳಾಸ, ಅವನು ಕೊಟ್ಟ ಮಾತು, ಬಸ್ಸಿನ ಹಣ ಕೊಟ್ಟವರು ಯಾರು ಎಂಬುದೆಲ್ಲ ನಮ್ಮ ಸಂಘದ ಪುಸ್ತಕದಲ್ಲಿ ದಾಖಲಾಗಲಿ. ಹುಡುಗನ ಮನೆಗೆ ನಾವೇ ನಾಲ್ಕು ಜನ ಹೋಗಿ ನೋಡಿ ಬರೋಣ.

ಅಂದು ಆ ಅಕ್ಕನಿಗೆ ಕೊಡಲಾಗದ ಉತ್ತರವನ್ನು ಈಗ ಕೊಡುತ್ತಿದ್ದೇನೆ: ‘ಒಪ್ಪಿದ್ದಳೇ?’ ಎಂದು ಅವಳನ್ನು ಕೇಳಬೇಡಿ. ‘ಏನು ಹೇಳಿ ಕರೆದೊಯ್ದೆ?’ ಎಂದು ಅವನನ್ನು ಕೇಳಿ.